ಜಗ್ಗದ ಹಗ್ಗ

ತರಬೇತಿ ಮೈದಾನದ ಹುಡುಗರು ಸಾಹೇಬರಿಗೆ ‘ಸುತ್ತಿಗೆ’ ಎಂದು ಹೆಸರಿಟ್ಟಿದ್ದರು. ಅದು ಸಾಹೇಬರ ಕಿವಿಗೂ ಬಿದ್ದಿತ್ತು. ಕೇಳಿದಾಗ ಹುಬ್ಬು ಗಂಟಿಕ್ಕಿದರೂ ಒಳಗೊಳಗೇ ಖುಷಿಪಟ್ಟಿದ್ದರು.

ಅವರು ಮೇಲಿಂದ ಉದುರಿದ ಅಧಿಕಾರಿಯಲ್ಲ. ನೀರಿನ ಪೈಪು ಹೊರುವ ಕೆಲಸದಿಂದ ಶುರುಮಾಡಿ, ಏಣಿ ಹತ್ತಿ, ಗಾಡಿ ಓಡಿಸಿ, ಮೆಟ್ಟಿಲು ಮೆಟ್ಟಿಲಾಗಿ ನಗರದ ಅಗ್ನಿಶಾಮಕ ದಳದ ಮುಖ್ಯಾಧಿಕಾರಿಯಾದವರು. ಅವರು ಬರುವ ಮೊದಲು ದಳದ ಅವಸ್ಥೆ ಹೇಳತೀರದಾಗಿತ್ತು. ಗಂಟೆ ಹೊಡೆದರೆ ಒಬ್ಬ ಬೂಟು ಹುಡುಕುತ್ತಿದ್ದ, ಇನ್ನೊಬ್ಬ ಡ್ರೈವರನನ್ನು ಹುಡುಕುತ್ತಿದ್ದ, ಡ್ರೈವರು ಗಾಡಿಯ ಕೀಲಿ ಹುಡುಕುತ್ತಿದ್ದ. ಸಾಹೇಬರು ಬಂದು ಎಲ್ಲರ ಮೈಚಳಿ ಬಿಡಿಸಿದರು. ಅವರ ಕಾಲದಲ್ಲಿ ದಳದ ಒಬ್ಬನೇ ಒಬ್ಬನೂ ಬೆಂಕಿಗೆ ಬಲಿಯಾಗಲಿಲ್ಲ. ಬಟ್ಟೆ ಗಿರಣಿ ಹೊತ್ತಿ ಉರಿದ ದಿನ ಚಾವಣಿ ಕುಸಿದು ಒಳಗೆ ಸಿಕ್ಕಿಕೊಂಡ ಇಬ್ಬರು, ಮೈದಾನದಲ್ಲಿ ಕಲಿತ ಹಾಗೆಯೇ ಗೋಡೆ ತಡವಿಕೊಂಡು ತೆವಳುತ್ತ ಹೊರಗೆ ಬಂದಿದ್ದರು. ಮಸಿ ಮೆತ್ತಿದ ಮುಖದಲ್ಲಿ ಹಲ್ಲು ಬಿಟ್ಟು, “ನಿಮ್ಮ ಬೈಗುಳ ನಮ್ಮನ್ನ ಬದುಕಿಸ್ತು ಸರ್” ಅಂದಿದ್ದರು. ಅಂದಿನಿಂದ ಸಾಹೇಬರ ಗದರಿಕೆಯನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಪ್ರಸಾದ ಸಿಕ್ಕ ಹಾಗೆ ತೆಗೆದುಕೊಳ್ಳುತ್ತಿದ್ದರು.

ಊರಿನ ಜನರಿಗೂ ಅವರೆಂದರೆ ಅಚ್ಚುಮೆಚ್ಚು. ಶಾಲೆಗಳಿಗೆ ಹೋಗಿ, ಹೊಗೆ ತುಂಬಿದ ಕೋಣೆಯಲ್ಲಿ ಹೇಗೆ ತೆವಳಬೇಕೆಂದು ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲೇ ವರಾಂಡದ ನೆಲದ ಮೇಲೆ ತೆವಳಿ ತೋರಿಸುತ್ತಿದ್ದರು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. “ನಗ್ರಪ್ಪ, ನಗಿ. ಆದ್ರೆ ಹೊಟ್ಟೆ ಮಾತ್ರ ನೆಲ ಬಿಡಬಾರದು” ಎಂದು ಸಾಹೇಬರು ಮಲಗಿದಲ್ಲಿಂದಲೇ ಗದರುತ್ತಿದ್ದರು.

ಮೈದಾನದ ಒಂದು ಮೂಲೆಯಲ್ಲಿ ಅವರೇ ಹಟ ಹಿಡಿದು ಕಟ್ಟಿಸಿದ ಹೊಗೆಮನೆ ಇತ್ತು. ಕಿಟಕಿಗಳಿಗೆ ಕಬ್ಬಿಣದ ಬಾಗಿಲು ಹಾಕಿದ, ಮಸಿ ಹಿಡಿದ ಎರಡಂತಸ್ತಿನ ಕಾಂಕ್ರೀಟು ಕಟ್ಟಡ. ಕೆಳಗೆ ಕಟ್ಟಿಗೆ, ಹುಲ್ಲು ಹಾಕಿ ಬೆಂಕಿ ಕೊಟ್ಟರೆ ಒಳಗೆಲ್ಲ ಹೊಗೆ, ಕಾವು, ಕತ್ತಲೆ. ತರಬೇತಿಗೆ ಬಂದವರು ಗಾಳಿಯ ಸಿಲಿಂಡರು ಬೆನ್ನಿಗೆ ಕಟ್ಟಿ, ಮುಖವಾಡ ಹಾಕಿಕೊಂಡು ಒಳಗೆ ನುಗ್ಗಿ, ಮೇಲಿನ ಕೋಣೆಯಲ್ಲಿ ಬಿದ್ದಿರುವ ಮರಳು ತುಂಬಿದ ಗೊಂಬೆಯನ್ನು ಎಳೆದು ತರಬೇಕು. ಆ ಗೊಂಬೆಗೆ ಹುಡುಗರು ‘ಭಾವ’ ಎಂದು ಹೆಸರಿಟ್ಟಿದ್ದರು. ಉಂಡು ಮಲಗಿದ ಭಾವನ ಹಾಗೆ ಎಷ್ಟು ಎಳೆದರೂ ಮೇಲೇಳುತ್ತಿರಲಿಲ್ಲ ಎಂಬ ಕಾರಣಕ್ಕೆ.

ಒಳಗೆ ಹೋಗುವವರ ಸೊಂಟಕ್ಕೆ ಒಂದು ಹಗ್ಗ ಕಟ್ಟುತ್ತಿದ್ದರು. ಅದರ ಇನ್ನೊಂದು ತುದಿ ಹೊರಗೆ ತರಬೇತುದಾರರ ಕೈಯಲ್ಲಿ. ಉಸಿರು ಕಟ್ಟಿದರೆ, ತಲೆ ಸುತ್ತಿದರೆ, ಭಯವಾದರೆ ಹಗ್ಗ ಜಗ್ಗಬೇಕು. ಕೂಡಲೇ ಒಳಗೆ ನುಗ್ಗಿ ಹೊರಗೆ ತರುತ್ತಾರೆ. ಪುಸ್ತಕದಲ್ಲಿ ಇದ್ದದ್ದು ಇಷ್ಟು. ಪುಸ್ತಕದಲ್ಲಿ ಇಲ್ಲದ್ದು ಇನ್ನೊಂದಿತ್ತು. ಹಗ್ಗ ಜಗ್ಗಿದವರು ಅದೇ ಹಗ್ಗವನ್ನು ಸುರುಳಿ ಸುತ್ತಿ ಕುತ್ತಿಗೆಗೆ ಹಾಕಿಕೊಂಡು ಸಂಜೆಯವರೆಗೆ ಓಡಾಡಬೇಕು. ಊಟದ ಸಾಲಿನಲ್ಲೂ ಹಾಗೇ ನಿಲ್ಲಬೇಕು. ಇದಕ್ಕೆ ‘ಹಾರ ಹಾಕಿಸಿಕೊಳ್ಳುವುದು’ ಎನ್ನುತ್ತಿದ್ದರು. ಸಾಹೇಬರ ಮಟ್ಟಿಗೆ ಅದೊಂದು ತಮಾಷೆ. ಹುಡುಗರು ನಗುತ್ತಿದ್ದರು, ಹಾರ ಹಾಕಿಕೊಂಡವನೂ ನಗುತ್ತಿದ್ದ. ಆಮೇಲಾಮೇಲೆ ಹಗ್ಗ ಜಗ್ಗುವವರೇ ಇಲ್ಲವಾದರು. “ನನ್ನ ಮೈದಾನದಲ್ಲಿ ‘ಆಗಲ್ಲ’ ಅನ್ನೋ ಮಾತೇ ಇಲ್ಲ” ಎಂದು ಸಾಹೇಬರು ಸಭೆಗಳಲ್ಲಿ ಎದೆ ತಟ್ಟಿ ಹೇಳಿಕೊಳ್ಳುತ್ತಿದ್ದರು.

ಹೆಣ್ಣುಮಕ್ಕಳನ್ನು ದಳಕ್ಕೆ ಸೇರಿಸಿಕೊಳ್ಳಬೇಕೆಂದು ಹೋರಾಡಿದವರೂ ಅವರೇ. ಮೇಲಿನ ಸಮಿತಿಯವರು ಮೂಗು ಮುರಿದರು. “ಅವರ ಕೈಲಿ ಆಗುತ್ತೇನ್ರಿ?” ಎಂದು ಕೇಳಿದರು. “ನನ್ನ ಕೈಗೆ ಕೊಟ್ಟು ನೋಡಿ” ಎಂದು ಸಾಹೇಬರು ಮೇಜು ಗುದ್ದಿ ಬಂದಿದ್ದರು. ಹಾಗೆ ಬಂದ ಮೊದಲ ತಂಡದಲ್ಲಿ ಒಬ್ಬಳು ಗಿಡ್ಡ ಹುಡುಗಿ ಇದ್ದಳು. ತನ್ನ ಮೈಗಿಂತ ದೊಡ್ಡದನ್ನು ಹೊತ್ತುಕೊಂಡು ಓಡುತ್ತಿದ್ದುದರಿಂದ ಜೊತೆಯವರು ಅವಳನ್ನು ‘ಇರುವೆ’ ಎಂದು ಕರೆಯುತ್ತಿದ್ದರು. ಅವಳ ತಾಯಿ ಲಾಂಡ್ರಿಯೊಂದರಲ್ಲಿ ಬಟ್ಟೆ ಇಸ್ತ್ರಿ ಮಾಡುವವಳು, ತಂದೆ ಇಲ್ಲ. ಇರುವೆ ಏಣಿ ಹತ್ತುವುದನ್ನು ನೋಡಿದರೆ ಸಾಹೇಬರಿಗೆ ತಾವು ಕೆಲಸಕ್ಕೆ ಸೇರಿದ ದಿನಗಳೇ ಕಣ್ಣ ಮುಂದೆ ಬರುತ್ತಿದ್ದವು. ಹೊಗಳಲಿಲ್ಲ; ಹೊಗಳುವುದು ಅವರ ಜಾಯಮಾನವಲ್ಲ. ಆದರೆ ಮಿಕ್ಕವರಿಗಿಂತ ಅವಳಿಗೇ ಎರಡು ಮಾತು ಹೆಚ್ಚು ಗದರುತ್ತಿದ್ದರು. ಅವಳಿಗೆ ಅದರ ಅರ್ಥ ಗೊತ್ತಿತ್ತು.

ತರಬೇತಿಯ ಕೊನೆಯ ಪರೀಕ್ಷೆಯ ದಿನ ಅದೇ ಸಮಿತಿಯವರು ನೋಡಲು ಬಂದರು. ಸಾಹೇಬರನ್ನು ಇಡೀ ರಾಜ್ಯದ ದಳಕ್ಕೆ ನಿರ್ದೇಶಕರನ್ನಾಗಿ ಮಾಡುವ ಮಾತು ಆಗಲೇ ಓಡಾಡುತ್ತಿತ್ತು. ಶಾಮಿಯಾನದ ಕೆಳಗೆ ಕುರ್ಚಿ, ಫ್ಯಾನು, ತಣ್ಣನೆಯ ಶರಬತ್ತು. ಮೈದಾನದಲ್ಲಿ ಮಾತ್ರ ಬಿಸಿಲು ನೆತ್ತಿ ಸುಡುತ್ತಿತ್ತು. ತರಬೇತಿಯ ಉಸ್ತುವಾರಿ ಹೊತ್ತಿದ್ದ ಮೇಷ್ಟ್ರು ಸಾಹೇಬರ ಹತ್ತಿರ ಬಂದು ನಿಂತರು. ಕುತ್ತಿಗೆಯಲ್ಲಿ ಸದಾ ಸೀಟಿ ತೂಗಾಡುತ್ತಿದ್ದುದರಿಂದ ಎಲ್ಲರಿಗೂ ಅವರು ಸೀಟಿ ಮೇಷ್ಟ್ರು. ಸಾಹೇಬರ ಕೈಕೆಳಗೇ ಬೆಳೆದವರು.

“ಸರ್, ಇವತ್ತು ಬಿಸಿಲು ಜಾಸ್ತಿ ಇದೆ. ಬೆಂಕಿ ಸ್ವಲ್ಪ ಕಡಿಮೆ ಇಡೋಣ್ವಾ ಅಂತ...”

ಸಾಹೇಬರು ಅವರ ಮುಖ ನೋಡಿದರು, ಅಷ್ಟೇ. ಮೇಷ್ಟ್ರ ಮಾತು ಅರ್ಧಕ್ಕೇ ನಿಂತಿತು.

“ಕಡಿಮೆ ಇಟ್ರೆ ಅಡುಗೆಮನೆ ಹೊಗೆ ಥರ ಇರುತ್ತೆ ಕಣ್ರಿ. ಇನ್ನೊಂದಿಷ್ಟು ಕಟ್ಟಿಗೆ ಹಾಕಿ. ಬಂದೋರ ಕಣ್ಣಿಗೆ ಕಾಣಲಿ.”

“ಸರಿ ಸರ್.”

ಮೇಷ್ಟ್ರು ಹೋಗಿ ಕಟ್ಟಿಗೆ ಹಾಕಿಸಿದರು. ಒಬ್ಬೊಬ್ಬರಾಗಿ ಒಳಗೆ ಹೋಗಿ, ಭಾವನನ್ನು ಎಳೆದು ತಂದು, ಹೊರಗೆ ಬಂದು ಮುಖವಾಡ ಕಿತ್ತು ಏದುಸಿರು ಬಿಟ್ಟರು. ಇರುವೆಯ ಸರದಿಯೂ ಚೆನ್ನಾಗಿಯೇ ಮುಗಿಯಿತು. ಶಾಮಿಯಾನದಲ್ಲಿದ್ದ ಒಬ್ಬರು ಅವಳನ್ನು ನೋಡಿ, “ಇಷ್ಟೇ ಇಷ್ಟಿದ್ದಾಳಲ್ರೀ, ಗೊಂಬೆ ಹಗುರದ್ದಾ?” ಎಂದು ನಕ್ಕರು. ಸಾಹೇಬರಿಗೆ ಮೈಯೆಲ್ಲ ಉರಿಯಿತು.

“ಇನ್ನೊಂದು ಸಲ ಹೋಗಿ ಬರ್ತೀಯೇನಮ್ಮ?” ಎಂದು ಕೂಗಿ ಕೇಳಿದರು.

ಇರುವೆಗೆ ಅಂದು ಬೆಳಗಿನಿಂದ ಜ್ವರ. ಅದು ತರಬೇತಿ ಹಾಸ್ಟೆಲಿನಲ್ಲಿ ಅವಳ ಪಕ್ಕದ ಮಂಚದ ಗೆಳತಿಗೆ ಬಿಟ್ಟರೆ ಬೇರೆಯವರಿಗೆ ಗೊತ್ತಿರಲಿಲ್ಲ. ಅವಳು ಹೆಲ್ಮೆಟ್ಟು ಸರಿಮಾಡಿಕೊಂಡು, “ಬರ್ತೀನಿ ಸರ್!” ಎಂದಳು.

ಹೋದವಳು ಬೇಗ ಬರಲಿಲ್ಲ. ಸೀಟಿ ಮೇಷ್ಟ್ರು ಹಗ್ಗ ಹಿಡಿದು ನಿಂತಿದ್ದರು, ಹಗ್ಗ ಅಲುಗಲಿಲ್ಲ. ಮೇಷ್ಟ್ರು ಸಾಹೇಬರ ಕಡೆ ತಿರುಗಿದರು. ಸಾಹೇಬರು ಕೈ ಎತ್ತಿ ‘ತಾಳಿ’ ಎಂದು ಸನ್ನೆ ಮಾಡಿದರು. ಇನ್ನೂ ಸ್ವಲ್ಪ ಹೊತ್ತು ಹೋಯಿತು. ಕಡೆಗೆ ಮೇಷ್ಟ್ರು ಸೀಟಿ ಊದಿ, ಯಾರ ಅಪ್ಪಣೆಗೂ ಕಾಯದೆ ಒಳಗೆ ನುಗ್ಗಿದರು.

ಅವರು ಹೊತ್ತು ತಂದಾಗ ಇರುವೆಗೆ ಪ್ರಜ್ಞೆ ಇರಲಿಲ್ಲ. ಮೈ ಕಾದ ಹೆಂಚಿನ ಹಾಗಿತ್ತು. ಕೋಟು ಬಿಚ್ಚಿ ನೀರು ಹೊಯ್ದರು, ಆಂಬುಲೆನ್ಸಿಗೆ ಎತ್ತಿದರು. ಸಾಹೇಬರು ಅವಳ ಬಲಗೈ ಹಿಡಿದುಕೊಳ್ಳಲು ಹೋದರು. ಮುಷ್ಟಿ ಬಿಗಿಯಾಗಿತ್ತು. ಬಿಡಿಸಿ ನೋಡಿದರೆ ಒಳಗೆ ಹಗ್ಗ. ಅಷ್ಟು ಹೊತ್ತೂ ಹಗ್ಗ ಅವಳ ಕೈಯಲ್ಲೇ ಇತ್ತು, ಜಗ್ಗುವುದೊಂದೇ ಬಾಕಿ.

ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳುವ ಹೊತ್ತಿಗೆ ಎಷ್ಟೋ ದಿನ ಕಳೆದಿತ್ತು. ಕಾವು ತಲೆಗೇರಿ, ಮೈಯ ಸಮತೋಲ ಕಾಯುವ ಮಿದುಳಿನ ಭಾಗಕ್ಕೆ ಪೆಟ್ಟಾಗಿತ್ತು. ನಡೆದರೆ ಓಲಾಡುತ್ತಾಳೆ, ಮಾತು ತೊದಲುತ್ತದೆ. ಸುಧಾರಿಸಬಹುದು, ಎಷ್ಟು ಎಂದು ಈಗ ಹೇಳಲಾಗದು. ಬೆಂಕಿಯ ಮುಂದೆ ನಿಲ್ಲುವ ಕೆಲಸವಂತೂ ಇನ್ನು ಕನಸಿನ ಮಾತು.

ಸಾಹೇಬರು ಆಸ್ಪತ್ರೆಗೆ ಹೋದಾಗ ತಾಯಿ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಅವರನ್ನು ಕಂಡೊಡನೆ ಎದ್ದು ನಿಂತಳು. ಬೈಯುತ್ತಾಳೆ ಎಂದುಕೊಂಡಿದ್ದ ಸಾಹೇಬರು ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದರು.

“ನೀವೇ ಬಂದ್ರಾ ಸಾಹೇಬ್ರೆ? ದೇವರಂಥೋರು ನೀವು. ಹೆಣ್ಣುಮಕ್ಕಳು ಬೇಡ ಅಂತ ಎಲ್ಲರೂ ಅಂದಾಗ ನೀವೊಬ್ಬರೇ ಅಲ್ವಾ ನನ್ನ ಮಗಳಿಗೆ ದಾರಿ ಮಾಡಿಕೊಟ್ಟಿದ್ದು? ಏನೋ ನಮ್ಮ ಗ್ರಹಚಾರ. ಅವಳೇ ಜ್ವರ ಮುಚ್ಚಿಟ್ಟಳಂತೆ, ಮೊಂಡಿ. ಚಿಕ್ಕಂದಿನಿಂದ ಹಾಗೇ. ನೀವು ಬೇಜಾರು ಮಾಡ್ಕೋಬೇಡಿ.”

ಸಾಹೇಬರು ‘ಹಾಗಲ್ಲ ತಾಯಿ’ ಎನ್ನಲು ಹೋದರು. ಬಾಯಿಂದ ಬಂದದ್ದು, “ಊಟ ಆಯ್ತಾಮ್ಮ?” ಎಂಬ ಮಾತು ಮಾತ್ರ. ಆಮೇಲೆ ಆ ಮಾತನ್ನು ನೆನೆದಾಗಲೆಲ್ಲ ಅವರಿಗೆ ತಮ್ಮ ಮುಖಕ್ಕೆ ತಾವೇ ಹೊಡೆದುಕೊಳ್ಳಬೇಕೆನಿಸುತ್ತಿತ್ತು.

ಒಳಗೆ ಇರುವೆ ದಿಂಬಿಗೆ ಒರಗಿ ಕೂತಿದ್ದಳು. ಸಾಹೇಬರನ್ನು ನೋಡಿ ಮೈ ನೆಟ್ಟಗೆ ಮಾಡಲು ಹೋಗಿ ಒಂದು ಪಕ್ಕಕ್ಕೆ ವಾಲಿದಳು. ತಾಯಿ ಹಿಡಿದು ಕೂರಿಸಿದಳು.

“ಸರ್... ತಪ್ಪಾಯ್ತು ಸರ್,” ಒಂದೊಂದೇ ಪದವನ್ನು ಜೋಡಿಸಿಕೊಂಡು ಹೇಳಿದಳು. “ಅವರೆಲ್ಲರ ಮುಂದೆ... ನಿಮ್ಮ ಹೆಸರು ಕೆಡಿಸಿಬಿಟ್ಟೆ.”

“ಸುಮ್ನಿರಮ್ಮ. ಮಾತಾಡಬೇಡ.”

“ಆದ್ರೆ ಸರ್...” ಅವಳ ಮುಖ ಸ್ವಲ್ಪ ಅರಳಿತು. “ನಾನು ಹಗ್ಗ ಜಗ್ಗಲಿಲ್ಲ ಸರ್.”

ಸಾಹೇಬರು ಎಷ್ಟೋ ಬೆಂಕಿಗಳನ್ನು ನೋಡಿದವರು. ಸುಟ್ಟು ಕರಕಲಾದ ಮನೆಗಳ ಮುಂದೆ ನಿಂತವರಿಗೆ ಸಮಾಧಾನ ಹೇಳಿದವರು. ಆ ಕೋಣೆಯಲ್ಲಿ ಮಾತ್ರ ಅವರ ಕಾಲ ಕೆಳಗಿನ ನೆಲ ಜರುಗಿದ ಹಾಗಾಯಿತು. ಆ ಹುಡುಗಿ ಅವರಿಗೆ ಬಹುಮಾನ ಕೊಡುತ್ತಿದ್ದಳು. ಅವರು ಇಷ್ಟು ವರ್ಷ ಕಲಿಸಿದ್ದನ್ನೆಲ್ಲ ಕಲಿತು, ಅದನ್ನು ಅವರ ಕೈಗೇ ತಂದು ಇಡುತ್ತಿದ್ದಳು. ಅವರು ತಲೆಯಾಡಿಸಿ ಹೊರಗೆ ಬಂದರು. ಲಿಫ್ಟಿಗೆ ಕಾಯದೆ ಮೆಟ್ಟಿಲು ಇಳಿದು, ಗಾಡಿ ನಿಲ್ಲಿಸಿದ ಜಾಗ ಮರೆತು, ಆಸ್ಪತ್ರೆಯ ಸುತ್ತ ಹುಚ್ಚರ ಹಾಗೆ ತಿರುಗಿದರು.

ತನಿಖೆಗೆ ನಿವೃತ್ತ ನ್ಯಾಯಾಧೀಶೆಯೊಬ್ಬರನ್ನು ನೇಮಿಸಿದ್ದರು. ಮೊದಲ ಸುತ್ತಿನ ವಿಚಾರಣೆ ಸಲೀಸಾಗಿ ಮುಗಿದಿತ್ತು. ಹಗ್ಗ ಗಟ್ಟಿಯಾಗಿತ್ತೇ? ಇತ್ತು. ಸಿಲಿಂಡರಿನಲ್ಲಿ ಗಾಳಿ ಇತ್ತೇ? ಇತ್ತು. ಬೆಂಕಿ ಎಂದಿನಷ್ಟೇ ಇತ್ತೇ? ಸೀಟಿ ಮೇಷ್ಟ್ರು ಕಣ್ಣು ಮಿಟುಕಿಸದೆ, “ಎಂದಿನಷ್ಟೇ ಮೇಡಂ” ಎಂದಿದ್ದರು. ಹುಡುಗಿ ಜ್ವರ ಮುಚ್ಚಿಟ್ಟಿದ್ದಳು, ಹಗ್ಗ ಕೈಯಲ್ಲಿದ್ದರೂ ಜಗ್ಗಲಿಲ್ಲ. ಹಾಗಾಗಿ ತಪ್ಪು ಅವಳದೇ ಎಂಬಲ್ಲಿಗೆ ಬಂದು ನಿಂತಿತ್ತು. ಇನ್ನು ಸಾಹೇಬರ ಹೇಳಿಕೆಯೊಂದು ಆದರೆ ಕಡತ ಮುಚ್ಚುತ್ತಿತ್ತು. ನಿರ್ದೇಶಕರ ಕುರ್ಚಿಯೂ ಕೈತಪ್ಪಿರಲಿಲ್ಲ.

ಹೇಳಿಕೆ ಕೊಡುವ ದಿನ ಬೆಳಿಗ್ಗೆ ಸಾಹೇಬರು ತಟ್ಟೆಯ ಮುಂದೆ ಕೂತವರು ಕೂತೇ ಇದ್ದರು. ಹೆಂಡತಿ ನೀರಿನ ಲೋಟ ಇಟ್ಟು ಎದುರಿಗೆ ಕೂತಳು.

“ಏನ್ರೀ, ಅನ್ನದ ಜೊತೆ ಮಾತಾಡ್ತಿದೀರಾ?”

“ಆ ಹುಡುಗಿ ಯಾಕೆ ಹಗ್ಗ ಜಗ್ಗಲಿಲ್ಲ ಹೇಳು.”

“ನನ್ನ ಯಾಕೆ ಕೇಳ್ತೀರಿ? ನಿಮಗೆ ಗೊತ್ತಿಲ್ವಾ?”

“ಹೇಳೇ, ನಿನ್ನ ಬಾಯಲ್ಲಿ ಕೇಳಬೇಕು.”

ಹೆಂಡತಿ ಸೆರಗಿನಿಂದ ಮೇಜಿನ ಮೇಲಿನ ನೀರು ಒರೆಸಿದಳು. “ನಮ್ಮ ಮಗಳು ಏಳನೇ ಕ್ಲಾಸಲ್ಲಿ ಕೈ ಮುರ್ಕೊಂಡಿದ್ದು ನೆನಪಿದೆಯಾ? ಬೆಳಿಗ್ಗೆ ಬಿದ್ದೋಳು ಸಂಜೆ ನೀವು ಊಟ ಮುಗಿಸೋವರೆಗೂ ಬಾಯಿ ಬಿಡಲಿಲ್ಲ. ಮೂಳೆ ಎರಡು ತುಂಡಾಗಿತ್ತು. ನೀವು ಅದನ್ನ ಎಷ್ಟು ಭಾಷಣದಲ್ಲಿ ಹೇಳಿದೀರಿ? ‘ನನ್ನ ಮಗಳು ಅಳಲಿಲ್ಲ’ ಅಂತ.”

“ಹೆಮ್ಮೆ ಆಗಿತ್ತು ಕಣೇ.”

“ನಿಮಗೆ ಹೆಮ್ಮೆ. ಅವಳು ನನ್ನ ಮಡಿಲಲ್ಲಿ ಮುಖ ಇಟ್ಟು ಏನಂದಳು ಗೊತ್ತಾ? ‘ಅಪ್ಪನಿಗೆ ಹೇಳಬೇಡ, ಬೇಜಾರು ಮಾಡ್ಕೋತಾರೆ’ ಅಂದಳು. ಕೈ ಮುರಿದದ್ದು ಅವಳದು. ಬೇಜಾರು ನಿಮಗೆ ಆಗಬಾರದಂತೆ.”

“ನೀನಾದ್ರೂ ಆಗಲೇ ಹೇಳಬಹುದಿತ್ತು.”

“ನಾನಾ?” ಹೆಂಡತಿ ನಕ್ಕಳು, ನಗುವಿನಲ್ಲಿ ಸಿಟ್ಟಿರಲಿಲ್ಲ. “ನಿಮಗೆ ಹೇಳೋದಾ? ಚೆನ್ನಾಗಿದೆ.”

ತಟ್ಟೆಯಲ್ಲಿದ್ದದ್ದು ತಟ್ಟೆಯಲ್ಲೇ ಉಳಿಯಿತು.

ವಿಚಾರಣೆಯ ಕಚೇರಿಯ ಕಾರಿಡಾರಿನಲ್ಲಿ ಸೀಟಿ ಮೇಷ್ಟ್ರು ಕಾಯುತ್ತಿದ್ದರು. ಸಾಹೇಬರ ಮುಖ ನೋಡಿದೊಡನೆ ಅವರಿಗೆ ಎಲ್ಲ ತಿಳಿದುಹೋಯಿತು. ತೋಳು ಹಿಡಿದು ನೀರಿನ ಫಿಲ್ಟರಿನ ಪಕ್ಕಕ್ಕೆ ಎಳೆದರು.

“ಬೇಡ ಸರ್. ನೀವು ಹೇಳೋದು ಬೇಡ. ನಾನು ಆಗಲೇ ಹೇಳಿಯಾಗಿದೆ.”

“ಕಟ್ಟಿಗೆ ಜಾಸ್ತಿ ಹಾಕಿಸಿದ್ದು ನಾನಲ್ವೇನ್ರಿ?”

“ಹಾಕಿದ್ದು ನಾನು ಸರ್. ದಾಖಲೆಗೆ ಸಹಿ ಮಾಡಿದ್ದೂ ನಾನು. ಎಂದಿನಷ್ಟೇ ಅಂತ ಪ್ರಮಾಣ ಮಾಡಿ ಹೇಳಿದೀನಿ. ಈಗ ನೀವು ಒಳಗೆ ಹೋಗಿ ಬೇರೆ ಹೇಳಿದ್ರೆ ನಾನು ಏನಾಗ್ತೀನಿ?” ಮೇಷ್ಟ್ರು ಹಿಡಿದ ತೋಳು ಬಿಡಲಿಲ್ಲ. “ನಿಮ್ಮನ್ನ ಉಳಿಸೋಕೆ ಹೇಳಿದೆ ಸರ್. ನೀವು ಕೇಳಲಿಲ್ಲ, ನಾನೇ ಹೇಳಿದೆ. ಇಷ್ಟು ವರ್ಷ ನಿಮ್ಮ ಹಿಂದೆ ನಡೆದಿದೀನಿ. ನಿಮ್ಮ ಮನಸ್ಸು ಹಗುರ ಆಗಲಿ ಅಂತ ನನ್ನ ಬಲಿ ಕೊಡ್ತೀರಾ?”

ಮೇಷ್ಟ್ರು ಈಗ ಹೇಳಿದ್ದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ. ಅಂದು ಬಿಸಿಲಿನಲ್ಲಿ ಬಂದು ‘ಕಡಿಮೆ ಇಡೋಣ್ವಾ’ ಎಂದು ಕೇಳಿದ್ದು ಈ ಮನುಷ್ಯನೇ. ಒಂದು ನೋಟಕ್ಕೆ ಬಾಯಿ ಮುಚ್ಚಿಕೊಂಡದ್ದೂ ಈ ಮನುಷ್ಯನೇ. ಹುಡುಗಿಗೆ ಕಲಿಸಿದ ಪಾಠವನ್ನು ಮೊದಲು ಕಲಿಸಿದ್ದು ಇವರಿಗೆ. ಈಗ ಸತ್ಯ ಹೇಳಿದರೆ ಇವರ ತಲೆ ಹೋಗುತ್ತದೆ; ಹೇಳದಿದ್ದರೆ ತಪ್ಪೆಲ್ಲ ಆ ಹುಡುಗಿಯ ತಲೆಗೆ.

“ತಪ್ಪು ಅವಳದು ಅಂತ ಬರೀತಾರೆ ಮೇಷ್ಟ್ರೇ,” ಎಂದರು ಸಾಹೇಬರು ಕಡೆಗೆ.

“ಬರೀಲಿ ಸರ್. ಅವಳೇ ಹಾಗೆ ಅಂತಿದಾಳಲ್ಲ.”

“ಅದಕ್ಕೇ.”

ಮೇಷ್ಟ್ರು ತೋಳು ಬಿಟ್ಟರು. ಗೋಡೆಗೆ ಮುಖ ಮಾಡಿ ನಿಂತರು.

ಒಳಗೆ ನ್ಯಾಯಾಧೀಶೆ ಕೆಮ್ಮಿನ ಗುಳಿಗೆಯೊಂದನ್ನು ಬಾಯಿಗೆ ಹಾಕಿಕೊಂಡು ಕೂತಿದ್ದರು. ಬೇಗ ಮುಗಿಸುವ ಅವಸರ ಅವರ ಮುಖದ ಮೇಲೇ ಇತ್ತು. “ಹಗ್ಗದಲ್ಲಿ ಏನೂ ದೋಷ ಇರಲಿಲ್ಲ ಅಲ್ವಾ?” ಎಂದು ಕೇಳಿದರು.

“ಹಗ್ಗ ಚೆನ್ನಾಗೇ ಇತ್ತು ಮೇಡಂ. ಅದನ್ನ ಯಾರೂ ಜಗ್ಗದ ಹಾಗೆ ಮಾಡಿದ್ದು ನಾನು.”

ಬರೆದುಕೊಳ್ಳುತ್ತಿದ್ದ ಗುಮಾಸ್ತ ತಲೆ ಎತ್ತಿದ. ಸಾಹೇಬರು ಹಾರದ ವಿಷಯ ಹೇಳಿದರು. ಶಾಮಿಯಾನದ ವಿಷಯ, ಕಟ್ಟಿಗೆಯ ವಿಷಯ, ಎರಡನೇ ಸಲ ಕಳಿಸಿದ್ದು, ಹೊತ್ತು ಮೀರಿದರೂ ‘ತಾಳಿ’ ಎಂದು ಕೈ ಎತ್ತಿದ್ದು, ಒಂದನ್ನೂ ಬಿಡಲಿಲ್ಲ.

“ಬೆಂಕಿ ಎಂದಿನಷ್ಟೇ ಇತ್ತು ಅಂತ ನಿಮ್ಮ ತರಬೇತುದಾರರು ಹೇಳಿದಾರೆ.”

“ಅವರು ನನ್ನ ಮೇಲಿನ ಅಭಿಮಾನಕ್ಕೆ ಹಾಗೆ ಹೇಳಿದ್ದು ಮೇಡಂ. ಅವರು ಆವತ್ತು ಬೇಡ ಅಂತಲೇ ಅಂದಿದ್ರು. ಅಪ್ಪಣೆ ನನ್ನದು.”

“ಅಂದ್ರೆ ಅವರು ಸುಳ್ಳು ಹೇಳಿದ್ರು.”

ಸಾಹೇಬರು ಮೇಜಿನ ಅಂಚನ್ನು ನೋಡುತ್ತ ನಿಂತರು. ಗುಮಾಸ್ತನ ಲೇಖನಿ ಕಾಯುತ್ತಿತ್ತು.

“ಹೌದೋ ಅಲ್ವೋ ಹೇಳಿ.”

“ಹೌದು ಮೇಡಂ.”

ಹೊರಗೆ ಬಂದಾಗ ಕಾರಿಡಾರಿನಲ್ಲಿ ಯಾರೂ ಇರಲಿಲ್ಲ.

ಆಮೇಲಿನದು ಬೇಗ ಬೇಗ ಆಗಿಹೋಯಿತು. ನಿರ್ದೇಶಕರ ಕುರ್ಚಿ ಬೇರೆಯವರಿಗೆ ಹೋಯಿತು. ಸಾಹೇಬರನ್ನು ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಳ್ಳಿ ಎಂದು ಗೌರವವಾಗಿ ಹೇಳಿದರು. ಅವರು ಮರುಮಾತಾಡದೆ ತೆಗೆದುಕೊಂಡರು. ಹಾರ ಹಾಕುವ ತಮಾಷೆ ನಿಂತಿತು. ಹೊಗೆಮನೆಗೆ ಕಾವು ಅಳೆಯುವ ಯಂತ್ರ ಬಂತು, ಪರೀಕ್ಷೆಯ ದಿನ ಡಾಕ್ಟರು ಮೈದಾನದಲ್ಲೇ ಇರಬೇಕೆಂದು ಆಯಿತು. ಹುಡುಗಿಯ ತಪ್ಪಿಲ್ಲವೆಂದು ತೀರ್ಮಾನವಾದ್ದರಿಂದ ಅವಳ ಕೆಲಸ ಉಳಿಯಿತು. ಮೈ ಸುಧಾರಿಸಿದ ಮೇಲೆ ಕಂಟ್ರೋಲ್ ರೂಮಿನಲ್ಲಿ ಕೂತು ಮಾಡುವ ಕೆಲಸ ಕೊಡುವುದಾಗಿ ಬರೆದುಕೊಟ್ಟರು. ಸೀಟಿ ಮೇಷ್ಟ್ರ ಬಡ್ತಿ ಕಿತ್ತು, ಊರಾಚೆಯ ಠಾಣೆಯ ಉಗ್ರಾಣಕ್ಕೆ ಹಾಕಿದರು. ಸಾಹೇಬರು ಅವರ ಮನೆಗೆ ಹೋದಾಗ ಮೇಷ್ಟ್ರ ಹೆಂಡತಿ ಬಾಗಿಲಲ್ಲೇ ನಿಂತು, “ಮಲಗಿದಾರೆ ಅಣ್ಣ” ಎಂದಳು. ಒಳಗೆ ರೇಡಿಯೋ ಹಾಡುತ್ತಿತ್ತು, ಮೇಷ್ಟ್ರು ಕೆಮ್ಮಿದ್ದೂ ಕೇಳಿಸಿತು. ಇನ್ನೊಂದು ಸಲ ಹೋದಾಗಲೂ ಮೇಷ್ಟ್ರು ಮಲಗಿದ್ದರು.

ಇರುವೆಗೆ ಎಲ್ಲವನ್ನೂ ತಾವೇ ಹೇಳಬೇಕೆಂದು ಸಾಹೇಬರು ಅವಳ ಮನೆಗೆ ಹೋದರು. ಒಂದೇ ಕೋಣೆಯ ಮನೆ. ಗೋಡೆಗೆ ಹೊಸದಾಗಿ ಹಿಡಿಕೆಯ ಕಂಬಿ ಹೊಡೆಸಿದ್ದರು, ಅವಳು ಹಿಡಿದು ನಡೆಯಲೆಂದು. ಸಾಹೇಬರು ಸ್ಟೂಲಿನ ಮೇಲೆ ಕೂತು, ಕಚೇರಿಯಲ್ಲಿ ಹೇಳಿದ್ದನ್ನೆಲ್ಲ ಮತ್ತೆ ಹೇಳಿದರು. ಅವಳು ಮಧ್ಯೆ ಬಾಯಿ ಹಾಕಲಿಲ್ಲ.

“ಹಾಗಾದ್ರೆ... ನಾನು ಜಗ್ಗಬಹುದಿತ್ತಾ ಸರ್?”

“ಜಗ್ಗಬೇಕಿತ್ತು ಕಣಮ್ಮ. ಅದಿದ್ದದ್ದೇ ಅದಕ್ಕೆ.”

“ಜಗ್ಗಿದ್ರೆ... ನೀವು ಹಾರ ಹಾಕಿಸ್ತಿದ್ರಿ.”

ಇಲ್ಲ ಎಂದುಬಿಡುವುದು ಸುಲಭವಿತ್ತು. ಸಾಹೇಬರು ಅವಳ ಕಣ್ಣು ನೋಡಿದರು. “ಹಾಕಿಸ್ತಿದ್ದೆ,” ಎಂದರು.

“ಅವರೆಲ್ಲರ ಮುಂದೆ?”

“ಅವರೆಲ್ಲರ ಮುಂದೆ.”

ಅವಳ ಮುಖ ಕೆಂಪಾಯಿತು. ಏನೋ ಹೇಳಲು ಹೋದಳು. ಸಿಟ್ಟಿಗೆ ನಾಲಿಗೆ ಇನ್ನಷ್ಟು ತೊದಲಿತು. ಆ ತೊದಲಿಗೆ ಇನ್ನೂ ಸಿಟ್ಟು ಬಂತು. ಪಕ್ಕದಲ್ಲಿದ್ದ ಸ್ಟೀಲಿನ ಲೋಟವನ್ನು ಎತ್ತಿ ಎಸೆದಳು. ಅದು ಸಾಹೇಬರಿಗೆ ತಾಗಲಿಲ್ಲ, ಬಾಗಿಲಿಗೆ ಬಡಿದು ಹೊರಗೆ ಉರುಳಿತು.

“ಆಸ್ಪತ್ರೇಲಿ... ಆಸ್ಪತ್ರೇಲಿ ಯಾಕೆ ಹೇಳಲಿಲ್ಲ? ನಾನು ಅಷ್ಟು... ಖುಷಿಯಾಗಿ ಹೇಳಿದೆ. ನೀವು ತಲೆ ಆಡಿಸಿದ್ರಿ!”

ತಾಯಿ ಲೋಟವನ್ನು ಹೆಕ್ಕಿ ತಂದು ಜಾಗದಲ್ಲಿಟ್ಟಳು. ದೇವರಂಥವರು ಎಂದಿದ್ದ ಹೆಂಗಸು ಈಗ ಸಾಹೇಬರ ಮುಖ ನೋಡದೆ, “ಇನ್ನು ಹೊರಡಿ ಸಾಹೇಬ್ರೆ. ಸ್ವಲ್ಪ ದಿನ ಈ ಕಡೆ ಬರೋದು ಬೇಡ” ಎಂದಳು. ಸಾಹೇಬರು ಎದ್ದು ಬಂದರು. ದಾರಿಯುದ್ದಕ್ಕೂ ಅವರಿಗೆ ಅನ್ನಿಸಿದ್ದು ಇಷ್ಟೇ: ಈ ಬೈಗುಳ ಮೊದಲ ದಿನವೇ ಸಿಗಬೇಕಿತ್ತು, ಇಷ್ಟು ದಿನ ಬೇರೆ ಯಾರಿಗೋ ಸಲ್ಲಬೇಕಾದ ಮರ್ಯಾದೆಯನ್ನು ತಾವು ತಿಂದುಕೊಂಡಿದ್ದರು.

ಬರಬೇಡಿ ಎಂದದ್ದಕ್ಕೆ ಅವರು ಹೋಗಲಿಲ್ಲ. ಮನೆಯಲ್ಲಿ ಕೂತು ಪೇಪರು ಓದಿದರು, ಹೆಂಡತಿಗೆ ತರಕಾರಿ ಹೆಚ್ಚಿಕೊಟ್ಟು ದಪ್ಪವಾಯಿತೆಂದು ಬೈಸಿಕೊಂಡರು. ದೂರದಲ್ಲಿರುವ ಮಗಳಿಗೆ ಒಂದು ದಿನ ತಾವಾಗಿಯೇ ಫೋನು ಮಾಡಿ, “ಕೈ ಈಗ ನೋಯುತ್ತೇನಮ್ಮ?” ಎಂದು ಕೇಳಿದರು. ಯಾವ ಕೈ ಅಪ್ಪ ಎಂದು ಅವಳು ಗಾಬರಿಯಾದಳು.

ಬಿಸಿಲುಗಾಲ ಕಳೆದ ಮೇಲೊಂದು ಮಧ್ಯಾಹ್ನ ಇರುವೆಯ ತಾಯಿಯ ಫೋನು ಬಂತು. ಮಗಳು ವ್ಯಾಯಾಮ ಮಾಡಿಸಿಕೊಳ್ಳುವ ಚಿಕಿತ್ಸಾಲಯದ ಲಿಫ್ಟು ಕೆಟ್ಟಿದೆ. ತನಗೆ ಲಾಂಡ್ರಿಯಲ್ಲಿ ರಜೆ ಸಿಗಲಿಲ್ಲ. ನಾಲ್ಕು ಜನರನ್ನು ಕೇಳಿದ್ದಾಯಿತು, ಯಾರೂ ಸಿಗಲಿಲ್ಲ. “ಬೇರೆ ದಾರಿ ಇಲ್ಲದ್ದಕ್ಕೆ ನಿಮ್ಮನ್ನ ಕೇಳ್ತಿದೀನಿ” ಎಂದು ಬಿಡಿಸಿಯೇ ಹೇಳಿದಳು.

ಸಾಹೇಬರು ಹೋಗುವಷ್ಟರಲ್ಲಿ ಇರುವೆ ಮೂರನೇ ಮಹಡಿಯ ಬೆಂಚಿನ ಮೇಲೆ ಚೀಲ ಹಿಡಿದು ಕೂತಿದ್ದಳು. ಅವರನ್ನು ಕಂಡು ಅವಳಿಗೆ ಖುಷಿಯೇನೂ ಆಗಲಿಲ್ಲ.

“ಅಮ್ಮ ನಿಮ್ಮನ್ನ ಕಳಿಸಿದ್ಲಾ?” ಮಾತು ಮೊದಲಿಗಿಂತ ತಿಳಿಯಾಗಿತ್ತು.

“ಹೂಂ.”

ಕೈ ಚಾಚಿದರು. ಅವಳು ಹಿಡಿಯಲಿಲ್ಲ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಸಾಹೇಬರು ಚೀಲ ಹೊತ್ತು ಅವಳಿಗಿಂತ ಒಂದು ಮೆಟ್ಟಿಲು ಮುಂದೆ, ಹಿಮ್ಮುಖವಾಗಿ ಇಳಿದರು, ಬಿದ್ದರೆ ಹಿಡಿಯಲೆಂದು. ಮೇಲೆ ಬರುತ್ತಿದ್ದವರು ಗೋಡೆಗೆ ಸರಿದು ದಾರಿ ಬಿಟ್ಟರು. ಅರ್ಧ ದಾರಿಯಲ್ಲಿ ಅವಳು ನಿಂತು, “ಸುಸ್ತಾಯ್ತು, ಕೂರ್ತೀನಿ” ಎಂದು ಕೂತೇಬಿಟ್ಟಳು. ಸಾಹೇಬರೂ ಕೆಳಗಿನ ಮೆಟ್ಟಿಲ ಮೇಲೆ ಕೂತರು.

“ಸೀಟಿ ಮೇಷ್ಟ್ರು ಬರ್ತಿರ್ತಾರೆ,” ಎಂದಳು ಸ್ವಲ್ಪ ಹೊತ್ತಿನ ಮೇಲೆ. “ಉಗ್ರಾಣದಲ್ಲಿ ಇಲಿ ಜಾಸ್ತಿಯಂತೆ. ಇಲಿಗಳಿಗೂ ಸೀಟಿ ಊದಿ ತರಬೇತಿ ಕೊಡ್ತಿದೀನಿ ಅಂತಾರೆ.”

ಸಾಹೇಬರಿಗೆ ನಗು ಬಂತು. “ನನ್ನ ವಿಷಯ ಏನಾದ್ರೂ ಅಂತಾರಾ?”

“ಇಲ್ಲ. ನಿಮ್ಮ ಹೆಸರೇ ಎತ್ತಲ್ಲ.”

“ಹೂಂ.”

“ನನಗೂ ಕೋಪ ಹೋಗಿಲ್ಲ ಸರ್. ಒಂದೊಂದು ದಿನ ಇರಲ್ಲ. ಮತ್ತೆ ಬಟ್ಟಲು ಕೈಜಾರಿ ಬಿದ್ರೆ ಬಂದುಬಿಡುತ್ತೆ.”

“ಇರಲಿ ಬಿಡಮ್ಮ. ಇರಬೇಕಾದ್ದೇ.”

ಅವಳು ಮೊಣಕಾಲು ಒತ್ತಿಕೊಂಡಳು, ಕಂಬಿ ಹಿಡಿದು ಎದ್ದಳು. ಉಳಿದ ಮೆಟ್ಟಿಲುಗಳನ್ನು ಇಬ್ಬರೂ ಮೊದಲಿನ ಹಾಗೆಯೇ ಇಳಿದರು. ಆಟೋ ಹಿಡಿದು ಮನೆಯ ಬಾಗಿಲಿಗೆ ಬಿಟ್ಟಾಗ ತಾಯಿ ಆಗತಾನೇ ಲಾಂಡ್ರಿಯಿಂದ ಬಂದಿದ್ದಳು. ಸೀರೆಯಿಂದ ಬಿಸಿ ಬಟ್ಟೆಯ ವಾಸನೆ ಬರುತ್ತಿತ್ತು. ಸಾಹೇಬರ ಕೈಯಿಂದ ಚೀಲ ತೆಗೆದುಕೊಂಡಳು. ಒಳಗೆ ಬನ್ನಿ ಎನ್ನಲಿಲ್ಲ.

“ಮುಂದಿನ ವಾರದ ಹೊತ್ತಿಗೆ ಲಿಫ್ಟು ಸರಿಹೋಗುತ್ತಂತೆ,” ಎಂದಳು.

“ಸರಿಹೋಗದಿದ್ರೆ ಹೇಳಿ ತಾಯಿ. ಬರ್ತೀನಿ.”

ಅವಳು ಒಂದು ಕ್ಷಣ ಅವರನ್ನು ನೋಡಿದಳು. “ಸರಿ. ಹೇಳ್ತೀನಿ,” ಎಂದು ಬಾಗಿಲು ಹಾಕಿಕೊಂಡಳು.